‘ಜಂಪ್’ ಅಂದರೆ ಮರ್ಯಾದೆ ಹೋಗುತ್ತಾ?

ಪ್ರಶ್ನೆ: ‘ಜಂಪ್’ ಚಿಕ್ಕ ಮಕ್ಕಳ ಇಂಗ್ಲಿಷ್, ಇಂಟರ್‌ವ್ಯೂನಲ್ಲಿ ‘ಲೀಪ್’ ಅನ್ನಬೇಕು ಅಂತ ಒಂದು ರೀಲ್‌ನಲ್ಲಿ ಹೇಳಿದ್ದರು. ಜಂಪ್, ಲೀಪ್, ಹಾಪ್, ಸ್ಪ್ರಿಂಗ್ ಎಲ್ಲ ಒಂದೇ ಅರ್ಥ ಅಲ್ವಾ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಂದೇ ಅಲ್ಲ. ಆ ರೀಲ್ ಮಾಡಿದವರಿಗೆ ಇಂಗ್ಲಿಷೂ ಗೊತ್ತಿಲ್ಲ, ಕಲಿಸುವುದೂ ಗೊತ್ತಿಲ್ಲ. ‘ಇದನ್ನು ಅನ್ನಬೇಡಿ, ಅದನ್ನು ಅನ್ನಿ’ ಎಂಬ ಈ ಪಾಠ ಕೇಳಿ ಕೇಳಿ ನನಗೆ ಸಾಕಾಗಿದೆ. ಚೆನ್ನಾಗಿ ಮಾತಾಡುತ್ತಿದ್ದ ಹುಡುಗರೂ ಇದರಿಂದ ತಡವರಿಸುತ್ತಾರೆ.

ನಮ್ಮ ಭಾಷೆಯನ್ನೇ ನೋಡಿ. ಕಪ್ಪೆ ಕುಪ್ಪಳಿಸುತ್ತದೆ, ಚೆಂಡು ಪುಟಿಯುತ್ತದೆ, ಕಾರಂಜಿ ಚಿಮ್ಮುತ್ತದೆ. ಹನುಮಂತ ಲಂಕೆಗೆ ಕುಪ್ಪಳಿಸಿದ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೇ. ಯಾರು ಹಾರಿದರು, ಎಷ್ಟು ದೂರ, ಯಾವ ಕಾಲಲ್ಲಿ ಅಂತ ಕೇಳಿಕೊಂಡರೆ ಪದ ತಾನೇ ಸಿಗುತ್ತದೆ.

‘ಹಾಪ್’ ತೆಗೆದುಕೊಳ್ಳಿ. ಮನುಷ್ಯರ ವಿಷಯದಲ್ಲಿ ಅದು ಒಂಟಿ ಕಾಲಿನ ಜಿಗಿತ. ಕುಂಟಾಬಿಲ್ಲೆಯಲ್ಲಿ ಮನೆಯಿಂದ ಮನೆಗೆ ಹೋಗುವುದು ಹಾಪ್. ಗುಬ್ಬಿ, ಮೊಲಗಳಿಗಾದರೆ ಎರಡೂ ಕಾಲು ಕೂಡಿಸಿ ಕುಪ್ಪಳಿಸುವುದು. ಟ್ರಿಪಲ್ ಜಂಪ್‌ನ ಮೂರು ಹಂತಗಳ ಹೆಸರು ಹಾಪ್, ಸ್ಟೆಪ್, ಜಂಪ್. ಹಾಪ್‌ನಲ್ಲಿ ನೆಲ ಒದ್ದ ಕಾಲಿನ ಮೇಲೇ ಇಳಿಯಬೇಕು. ಸ್ಟೆಪ್‌ನಲ್ಲಿ ಇನ್ನೊಂದು ಕಾಲಿನ ಮೇಲೆ. ಕೊನೆಯದು ಮರಳಿಗೆ ಹಾರುವ ಜಂಪ್. 1995ರಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ದಾಟಿದ್ದು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಎಲ್ದೋಸ್ ಪಾಲ್ 17.03 ಮೀಟರಿಗೆ ಚಿನ್ನ ಗೆದ್ದದ್ದು, ಎರಡೂ ಈ ನಿಯಮದಲ್ಲೇ. ಅಲ್ಲಿ ಹಾಪ್ ಇರುವ ಜಾಗಕ್ಕೆ ಲೀಪ್ ಹಾಕಿದರೆ ಯಾವ ಕಾಲು ಎಂಬುದೇ ಗೊತ್ತಾಗುವುದಿಲ್ಲ.

‘ಲೀಪ್’ನಲ್ಲಿ ದೊಡ್ಡ ನೆಗೆತ ಇರಬೇಕು. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ತನ್ನದು ಪುಟ್ಟ ಹೆಜ್ಜೆ, ಮನುಕುಲದ್ದು ದೈತ್ಯ ‘ಲೀಪ್’ ಅಂದರು. ಅಲ್ಲಿ ಆ ಪದಕ್ಕೆ ತೂಕವಿದೆ. ಮನೆಯ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಹಾರಿದ್ದಕ್ಕೆ ಅದು ಬೇಡ. ಕುಳಿತಲ್ಲಿಂದ ಥಟ್ಟನೆ ಎದ್ದರೆ ‘ಸ್ಪ್ರಿಂಗ್’. ಬೆಕ್ಕು ಇಲಿಯ ಮೇಲೆ ಎರಗಿದರೆ ‘ಪೌನ್ಸ್’. ಕೈಯನ್ನೋ ಕೋಲನ್ನೋ ಊರಿ ದಾಟಿದರೆ ‘ವಾಲ್ಟ್’, ಅದಕ್ಕೇ ಪೋಲ್ ವಾಲ್ಟ್. ಉಳಿದದ್ದಕ್ಕೆಲ್ಲ ‘ಜಂಪ್’ ಸಾಕು. ಅದು ಮೇಲಕ್ಕೂ ಆಗುತ್ತದೆ, ಕೆಳಕ್ಕೂ ಆಗುತ್ತದೆ. ಸರದಿ ಮುರಿಯುವುದು, ಸಿಗ್ನಲ್ ದಾಟುವುದು ಕೂಡ ಜಂಪ್ ಮಾತ್ರ, ಅಲ್ಲಿ ಲೀಪ್ ನಡೆಯುವುದೇ ಇಲ್ಲ.

ನಾವು ನಿಜವಾಗಿ ಎಡವುವುದು ಬೇರೆ ಕಡೆ. ಕನ್ನಡದಲ್ಲಿ ಹಕ್ಕಿಯೂ ಹಾರುತ್ತದೆ, ಹುಡುಗನೂ ಗೋಡೆ ಹಾರುತ್ತಾನೆ. ಹಾಗಾಗಿ ‘ಬಾವಿಗೆ ಹಾರಿದ’ ಅನ್ನುವುದಕ್ಕೆ ಮಕ್ಕಳು ‘ಫ್ಲೂ’ (flew) ಅಂತ ಬರೆಯುತ್ತಾರೆ. ರೆಕ್ಕೆಯೋ ವಿಮಾನವೋ ಇದ್ದರೆ ‘ಫ್ಲೈ’, ಕಾಲಿನಿಂದ ಹಾರಿದರೆ ‘ಜಂಪ್’. ಅಪ್ಪ ಅಮ್ಮಂದಿರೇ, ಮೊದಲು ಇದನ್ನು ತಿದ್ದಿ. ಲೀಪ್ ಆಮೇಲೆ ಕಲಿತರಾಯಿತು.

ಪ್ರಶ್ನೆ: ಬೆಲೆ ಏರಿದಾಗ ಪೇಪರಿನವರು ಜಂಪ್, ಸೋರ್, ಸ್ಪೈಕ್ ಅಂತ ಏನೇನೋ ಬರೆಯುತ್ತಾರೆ. ವ್ಯತ್ಯಾಸ ಇದೆಯಾ?

ಉತ್ತರ: ಇದೆ. ಒಂದೇ ಸಲಕ್ಕೆ ಏರಿದರೆ ಜಂಪ್. ಏರುತ್ತಾ ಏರುತ್ತಾ ಬಹಳ ಮೇಲೆ ಹೋದರೆ ಸೋರ್. ಸರ್ರನೆ ಏರಿ ಅಷ್ಟೇ ಬೇಗ ಇಳಿದರೆ ಸ್ಪೈಕ್. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು, ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ಕೋಲಾರದ ರೈತರು ಕಂಡದ್ದು ಸ್ಪೈಕ್. ನೀವು ಆಫೀಸಿಗೆ ವರದಿ ಬರೆಯುವಾಗ ಮಾತ್ರ ಇವು ಯಾವುದೂ ಬೇಡ. ‘ಇಂಕ್ರೀಸ್’ ಅಂತ ಬರೆದು ಪಕ್ಕದಲ್ಲಿ ಅಂಕಿ ಹಾಕಿ. ಅಂಕಿ ಇಲ್ಲದೆ ‘ಸೋರ್’ ಅಂದವರ ವರದಿ ನಾನಂತೂ ನಂಬುವುದಿಲ್ಲ.

ಪ್ರಶ್ನೆ: ಕಾಂಗರೂ ಅಂದರೆ ‘ನನಗೆ ಗೊತ್ತಿಲ್ಲ’ ಅಂತ ಅರ್ಥವಂತೆ, ನಿಜವೇ?

ಉತ್ತರ: ಸುಳ್ಳು. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷೆಯಲ್ಲಿ ‘ಗಂಗುರ್ರು’ ಒಂದು ಜಾತಿಯ ಕಾಂಗರೂವಿನ ಹೆಸರು. 1770ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ತಂಡದವರು ಅದನ್ನು ಸರಿಯಾಗಿಯೇ ಕೇಳಿ ಬರೆದುಕೊಂಡಿದ್ದರು. ಅಲ್ಲಿನ ಮೂಲನಿವಾಸಿಗಳನ್ನು ಪೆದ್ದರನ್ನಾಗಿ ಮಾಡುವ ಈ ಕಥೆಯನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ‘ಲೀಪ್ಡ್’ ಸರಿಯೋ ‘ಲೆಪ್ಟ್’ ಸರಿಯೋ?

ಉತ್ತರ: ಎರಡೂ ಸರಿ.

ಪ್ರಶ್ನೆ: ‘ರೈಸ್’ (rise), ‘ರೇಸ್’ (raise) ವ್ಯತ್ಯಾಸ ತಿಳಿಸಿ.

ಉತ್ತರ: ಹೈಸ್ಕೂಲಿನ ವ್ಯಾಕರಣ ಪುಸ್ತಕ ತೆಗೆಯಿರಿ.

ಪ್ರಶ್ನೆ: ಜಂಪ್‌ಗೆ 50 ಸಮಾನ ಪದಗಳಿರುವ ಪಿಡಿಎಫ್ ಒಂದನ್ನು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ. ಅಂಥ ಪಟ್ಟಿಗಳಲ್ಲಿ ಪದ ಇರುತ್ತದೆ, ಅದನ್ನು ಬಳಸಿದ ವಾಕ್ಯ ಇರುವುದಿಲ್ಲ. ಆ ದುಡ್ಡಿಗೆ ಒಂದು ಲರ್ನರ್ಸ್ ಡಿಕ್ಷನರಿ ತೆಗೆದುಕೊಳ್ಳಿ, ಹಳೆಯ ಪ್ರತಿಯಾದರೂ ಪರವಾಗಿಲ್ಲ. ಜಂಪ್ ಇರುವ ಪುಟ ತೆಗೆದು ಉದಾಹರಣೆ ವಾಕ್ಯಗಳನ್ನು ಜೋರಾಗಿ ಓದಿ.