ಡೊಮೈನ್ ಕೈಬಿಟ್ಟು ಹೋಯಿತೇ?

ಪ್ರಶ್ನೆ: ನಮ್ಮ ಅಂಗಡಿಯ ಡಾಟ್ ಕಾಮ್ ವೆಬ್‌ಸೈಟ್ ತೆರೆಯುತ್ತಿಲ್ಲ. ಹೂಈಸ್‌ನಲ್ಲಿ (ಡೊಮೈನ್‌ನ ನೋಂದಣಿ ವಿವರ, ಸ್ಥಿತಿ ತೋರಿಸುವ ಸೇವೆ) ನೋಡಿದರೆ 'ರಿಡೆಂಪ್ಶನ್ ಪೀರಿಯಡ್' ಅಂತ ಬರುತ್ತಿದೆ. ಡೊಮೈನ್ ಹೆಸರು ಹೋಯಿತಾ ಸರ್?
— ಓದುಗರು, ಹಾಸನ

ಉತ್ತರ: ಇನ್ನೂ ಹೋಗಿಲ್ಲ, ಆದರೆ ಇವತ್ತೇ ಕೆಲಸ ಶುರು ಮಾಡಿ. ಅವಧಿ ಮುಗಿದ ಮೇಲೂ ನವೀಕರಿಸದೆ ಬಿಟ್ಟಾಗ ರಿಜಿಸ್ಟ್ರಾರ್ (ನೀವು ಹೆಸರು ನೋಂದಾಯಿಸಿದ ಕಂಪನಿ) ಆ ಹೆಸರನ್ನು ಅಳಿಸುತ್ತಾರೆ, ಅಲ್ಲಿಂದ 30 ದಿನ ಈ ಸ್ಥಿತಿ ಇರುತ್ತದೆ. ಅಷ್ಟರೊಳಗೆ ನಿಮ್ಮ ರಿಜಿಸ್ಟ್ರಾರ್ ಮೂಲಕವೇ ಅದನ್ನು ವಾಪಸ್ ಪಡೆಯಬಹುದು. ಮಾಮೂಲಿ ನವೀಕರಣಕ್ಕಿಂತ ಖರ್ಚು ಜಾಸ್ತಿ, ಆದರೂ ಗಿರಾಕಿಗಳಿಗೆಲ್ಲ ಗೊತ್ತಿರುವ ಹೆಸರು ಅಲ್ವಾ, ಚೌಕಾಸಿ ಮಾಡುತ್ತಾ ದಿನ ಕಳೆಯಬೇಡಿ. ಆಮೇಲೆ 'ಪೆಂಡಿಂಗ್ ಡಿಲೀಟ್' ಬರುತ್ತದೆ. ಆ 5 ದಿನದಲ್ಲಿ ಯಾರೂ ಏನೂ ಮಾಡಲಾಗದು, ಅದು ಮುಗಿದರೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ, ಒಳ್ಳೆಯ ಹೆಸರಿಗಾಗಿ ಕಾದು ಕೂತವರು ತಕ್ಷಣ ಹಿಡಿಯುತ್ತಾರೆ.

ಹೂಈಸ್‌ನಲ್ಲಿ 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಕಂಡರೆ ಸುಮ್ನೆ ಗಾಬರಿಯಾಗಬೇಡಿ, ಅದು ಕಳ್ಳರು ಹೆಸರನ್ನು ಬೇರೆಡೆಗೆ ಸಾಗಿಸದಂತೆ ಹಾಕಿರುವ ಬೀಗ, ಇರಲೇಬೇಕು. ಆದರೆ 'ಕ್ಲೈಂಟ್ ಹೋಲ್ಡ್' ಇದ್ದರೆ ಸೈಟ್, ಇಮೇಲ್ ಎರಡೂ ನಿಲ್ಲುತ್ತವೆ. ಹೆಚ್ಚಾಗಿ ಹಣ ಬಾಕಿ ಇದ್ದಾಗ ಅಥವಾ ಇಮೇಲ್ ವಿಳಾಸ ದೃಢೀಕರಿಸದಿದ್ದಾಗ ರಿಜಿಸ್ಟ್ರಾರ್ ಹೀಗೆ ಮಾಡುತ್ತಾರೆ. ಅವಧಿ ಮುಗಿಯುವ ಮೊದಲು ಅವರು ಎರಡು ಸಲ ಎಚ್ಚರಿಕೆ ಕಳಿಸಲೇಬೇಕು. ಅದು ಹಳೆಯ ಇಮೇಲಿಗೆ ಹೋಗಿರಬಹುದು, ಖಾತೆಯಲ್ಲಿರುವ ವಿಳಾಸ ನೋಡಿ.