ಶೇಕಡಾ 80, ಆದರೆ ಯಾವುದರಲ್ಲಿ?

ಪ್ರಿಯ ಓದುಗರೇ,

ದಾವಣಗೆರೆಯ ವಾಹನ ಮಾರಾಟ ಮಳಿಗೆಯೊಂದರ ವಿಮೆ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದ ತಮ್ಮನ್ನು, ಹಲವು ಕಂಪನಿಗಳ ಪಾಲಿಸಿ ಮಾರುವ ಬ್ರೋಕಿಂಗ್ ಸಂಸ್ಥೆಯೊಂದು ಪಿಒಎಸ್‌ಪಿಯಾಗಿ (ಪಾಯಿಂಟ್ ಆಫ್ ಸೇಲ್ಸ್ ಪರ್ಸನ್, ಅಂದರೆ ಸಂಸ್ಥೆಯ ಪರವಾಗಿ ಪಾಲಿಸಿ ಮಾರುವವರಾಗಿ) ಸೇರಲು ಕರೆದಿದೆ. ಕಮಿಷನ್ನಿನಲ್ಲಿ ಶೇ 80 ತಮಗೆ ಎಂದು ಹೇಳಿ ಒಪ್ಪಂದದ ಕರಡು ಕಳಿಸಿದೆ. ಸಹಿ ಹಾಕಬಹುದೇ ಎಂದು ಕೇಳಿದ್ದೀರಿ. ಈಗಿರುವ ರೂಪದಲ್ಲಿ ಹಾಕಬೇಡಿ.

ಪಾಲಿಸಿಯ ಬಗೆಗೆ ತಕ್ಕಂತೆ ಇದ್ದ ಕಮಿಷನ್ ಮಿತಿಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2023ರ ಏಪ್ರಿಲ್ 1ರಿಂದ ತೆಗೆದುಹಾಕಿದೆ. ಒಟ್ಟು ನಿರ್ವಹಣಾ ವೆಚ್ಚದ ಮಿತಿಯೊಳಗೆ ಪ್ರತಿ ಕಂಪನಿಯೂ ತನ್ನ ದರವನ್ನು ತಾನೇ ಗೊತ್ತುಮಾಡುತ್ತದೆ. ಹೀಗಾಗಿ ಬ್ರೋಕರಿಗೆ ಎಷ್ಟು ಬಂತೆಂದು ತಿಳಿಯದವರಿಗೆ ಅದರ ಶೇ 80 ಎಷ್ಟೆಂಬುದೂ ತಿಳಿಯುವುದಿಲ್ಲ. ಓನ್ ಡ್ಯಾಮೇಜ್ (ಸ್ವಂತ ವಾಹನದ ಹಾನಿ), ಥರ್ಡ್ ಪಾರ್ಟಿ (ವಾಹನದಿಂದ ಇತರರಿಗಾಗುವ ಹಾನಿ), ಆರೋಗ್ಯ ವಿಮೆ ಇವುಗಳಿಗೆ ಜಿಎಸ್‌ಟಿ ಬಿಟ್ಟ ಪ್ರೀಮಿಯಂ ಮೇಲೆ ತಮಗೆ ಸಿಗುವ ದರವನ್ನು ಅನುಬಂಧವಾಗಿ ಸೇರಿಸಲು ಕೇಳಿ. ದರ ಬದಲಾದರೆ ಅದು ಮುಂದೆ ಮಾಡುವ ಪಾಲಿಸಿಗಳಿಗೆ ಮಾತ್ರ ಅನ್ವಯಿಸಬೇಕು.

ಕರಡಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನವೀಕರಣದ ಬಗೆಗಿನ ಮೌನ. ವಾಹನ ಮತ್ತು ಆರೋಗ್ಯ ವಿಮೆಯಲ್ಲಿ ಮೊದಲ ವರ್ಷದ ಓಡಾಟದ ಫಲ ಬರುವುದೇ ಮುಂದಿನ ವರ್ಷಗಳಲ್ಲಿ. ತಾವು ಮನೆಗೆ ಹೋಗಿ ಮಾಡಿಸಿದ ಪಾಲಿಸಿಯನ್ನು ಗ್ರಾಹಕರು ಮರುವರ್ಷ ಸಂಸ್ಥೆಯ ಆ್ಯಪಿನಲ್ಲೋ ಕಾಲ್ ಸೆಂಟರಿನ ಮೂಲಕವೋ ನವೀಕರಿಸಿದರೆ, ಅದು ತಮ್ಮ ಕೋಡಿಗೆ, ಅಂದರೆ ತಮ್ಮ ಮಾರಾಟವನ್ನು ಗುರುತಿಸುವ ಸಂಖ್ಯೆಗೆ, ಸೇರುತ್ತದೆಯೇ? ಸೇರುತ್ತದೆ ಎಂಬ ಒಂದು ವಾಕ್ಯವನ್ನು ಹಟ ಹಿಡಿದು ಬರೆಸಿಕೊಳ್ಳಿ. ಪಾಲಿಸಿಯಲ್ಲಿ ಗ್ರಾಹಕರ ಸ್ವಂತ ಮೊಬೈಲ್ ಸಂಖ್ಯೆಯೇ ಇರಲಿ, ಅವಧಿ ಮುಗಿಯುವವರ ಪಟ್ಟಿ ಪ್ರತಿ ತಿಂಗಳು ತಮ್ಮ ಕೈಸೇರಲಿ.

ಬಿಟ್ಟುಹೋದ ಮೇಲೆ ಎರಡು ವರ್ಷ ಜಿಲ್ಲೆಯಲ್ಲಿ ವಿಮೆ ವ್ಯವಹಾರ ಮಾಡಬಾರದೆಂಬ ಷರತ್ತು ಕಂಡು ತಾವು ಹೆದರಿದ್ದೀರಿ. ಭಾರತೀಯ ಕರಾರು ಕಾಯ್ದೆ, 1872ರ 27ನೇ ಕಲಮಿನ ಪ್ರಕಾರ ಜೀವನೋಪಾಯದ ವೃತ್ತಿಗೆ ಅಡ್ಡಬರುವ ಇಂಥ ಕರಾರು ಅಸಿಂಧು. ಒಪ್ಪಂದ ಮುಗಿದ ನಂತರದ ನಿರ್ಬಂಧ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿಯೂ ಹೇಳಿದೆ. ಆದರೂ ಅದನ್ನು ಹೊಡೆದುಹಾಕಿಸಿಯೇ ಸಹಿ ಮಾಡಿ, ಏಕೆಂದರೆ ವ್ಯಾಜ್ಯವಾದರೆ ಮಧ್ಯಸ್ಥಿಕೆ ಮುಂಬೈಯಲ್ಲಿ ಎಂದು ಅದೇ ಕರಡು ಹೇಳುತ್ತದೆ, ಮತ್ತು ಗೆಲ್ಲುವ ಮೊಕದ್ದಮೆಗಾಗಿಯೂ ಮುಂಬೈಗೆ ಅಲೆಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸ್ಥಳವನ್ನು ದಾವಣಗೆರೆಗೆ, ಆಗದಿದ್ದರೆ ಬೆಂಗಳೂರಿಗೆ ಬದಲಿಸಲು ಕೇಳಿ. ಸಂಸ್ಥೆ ಬಿಡುವ ದಿನದವರೆಗಿನ ಪಾಲಿಸಿಗಳ ಹಣ ಇಷ್ಟು ದಿನಗಳೊಳಗೆ ಸಂದಾಯವಾಗಬೇಕೆಂಬುದೂ ಸೇರಲಿ.

ಕಮಿಷನ್ ವಾಪಸಾತಿಯ ಷರತ್ತನ್ನು ಪೂರ್ತಿ ವಿರೋಧಿಸಬೇಡಿ. ಆರೋಗ್ಯ ವಿಮೆ ಕೊಂಡವರು 30 ದಿನಗಳ ಫ್ರೀ ಲುಕ್ (ಓದಿ ನೋಡಿ ಬೇಡವೆನಿಸಿದರೆ ಮರಳಿಸಬಹುದಾದ) ಅವಧಿಯಲ್ಲಿ ಪಾಲಿಸಿ ಮರಳಿಸಿದರೆ ಕಮಿಷನ್ ಹಿಂದಿರುಗಿಸುವುದು ನ್ಯಾಯವೇ. ಕಾರಣ ಹೇಳದೆ ಯಾವಾಗ ಬೇಕಾದರೂ ಹಿಡಿದುಕೊಳ್ಳುವ ಅಧಿಕಾರ ನ್ಯಾಯವಲ್ಲ.

ಪಾಲು ಹೆಚ್ಚಾದರೆ ಗ್ರಾಹಕರಿಗೂ ಸ್ವಲ್ಪ ಬಿಟ್ಟುಕೊಡಬಹುದು ಎಂದು ತಾವು ಬರೆದದ್ದು ಕಳವಳ ತಂದಿತು. ವಿಮಾ ಕಾಯ್ದೆ, 1938ರ 41ನೇ ಕಲಂ ಇದನ್ನು ನಿಷೇಧಿಸುತ್ತದೆ. ದಂಡ ಹತ್ತು ಲಕ್ಷ ರೂಪಾಯಿವರೆಗೆ ಹೋಗಬಹುದು. ದಯವಿಟ್ಟು ಆ ಯೋಚನೆಯನ್ನು ಬಿಡಿ.

ಸಂಸ್ಥೆಯವರು ಎಲ್ಲವನ್ನೂ ಒಪ್ಪಲಾರರು. ನವೀಕರಣವನ್ನು ತಮ್ಮ ಕೋಡಿಗೆ ಬರೆದುಕೊಟ್ಟು ಶೇ 80ನ್ನು 70ಕ್ಕೆ ಇಳಿಸುತ್ತೇವೆಂದರೆ, ನಾನಾಗಿದ್ದರೆ ಒಪ್ಪುತ್ತಿದ್ದೆ. ತಿದ್ದಿದ ಕರಡು ಬಂದ ಮೇಲೆ ಊರಿನ ವಕೀಲರೊಬ್ಬರಿಗೆ ತೋರಿಸಿ, ಬಳಿಕ ಸಹಿ ಹಾಕಿ.

– ಸಂಪಾದಕ