ಹೊಸನಗರ ಕ್ಷೇತ್ರ ಎಲ್ಲಿ ಹೋಯಿತು?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮ ಭಾಗದಿಂದ ವಿಧಾನಸಭೆಗೆ ನಿಂತವರ ಬಗ್ಗೆ, ಗೆದ್ದವರು ಸೋತವರು ಎನ್ನದೆ, ಒಬ್ಬೊಬ್ಬರಿಗೆ ಒಂದೊಂದು ಪುಟ ಬರೆದು ಊರ ಗ್ರಂಥಾಲಯದಲ್ಲಿ ಇಡಬೇಕೆಂದಿದ್ದೇವೆ. ಹಿನ್ನೆಲೆ, ಕೊಟ್ಟ ಮಾತು, ಬಂದ ಮತ, ಇಷ್ಟೇ. ಆದರೆ 2004ರ ಲೆಕ್ಕಕ್ಕೂ 2008ರ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ಅಫಿಡವಿಟ್ಟನ್ನು ಎಷ್ಟರಮಟ್ಟಿಗೆ ನಂಬಬಹುದು? ಠೇವಣಿ ಕಳೆದುಕೊಂಡವರನ್ನು ಕೈಬಿಡೋಣವೇ?"

ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಕೈಬಿಡಬೇಡಿ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಸೋತವರಿಗೆ ಅದು ವಾಪಸ್ ಬರಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿರಬೇಕು. ಸಿಂಧು ಮತ 1,50,000 ಇದ್ದರೆ 25,000 ಬಂದರೂ ಸಾಲದು, 25,001 ಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ. ಇಬ್ಬರ ನಡುವೆ ನೇರ ಪೈಪೋಟಿ ಬಿದ್ದ ಕಡೆ ಮೂರನೆಯವರು ಎಷ್ಟು ಓಡಾಡಿದ್ದರೂ ಠೇವಣಿ ಹೋಗುವುದೇ ಹೆಚ್ಚು. ಅದು ಆ ಸಲದ ಪೈಪೋಟಿಯ ಲೆಕ್ಕ, ಆ ವ್ಯಕ್ತಿಯ ಬೆಲೆಯಲ್ಲ. ನಿಮ್ಮ ಪುಟದಲ್ಲಿ "ಠೇವಣಿ ನಷ್ಟ" ಎಂದಷ್ಟೇ ಬರೆಯದೆ, ಬಂದ ಮತ ಮತ್ತು ಒಟ್ಟು ಸಿಂಧು ಮತ ಎರಡನ್ನೂ ಬರೆಯಿರಿ.

ಇನ್ನು ತಾಳೆಯಾಗದ ಲೆಕ್ಕ. ತಪ್ಪು ನಿಮ್ಮದಲ್ಲ. ಕ್ಷೇತ್ರ ಪುನರ್ವಿಂಗಡಣೆಯ ನಂತರದ ಮೊದಲ ವಿಧಾನಸಭಾ ಚುನಾವಣೆ 2008ರದ್ದು. ಹೊಸನಗರ, ಹೊಳೆಹೊನ್ನೂರು ಕ್ಷೇತ್ರಗಳು ಆಗ ಇಲ್ಲವಾದವು. ಶಿವಮೊಗ್ಗ ಗ್ರಾಮಾಂತರ ಮೀಸಲು ಕ್ಷೇತ್ರ ಹುಟ್ಟಿತು. ನಿಮ್ಮ ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು. ಹಾಗಾಗಿ 2004ರ ಸಾಗರವೇ ಬೇರೆ, 2008ರ ಸಾಗರವೇ ಬೇರೆ. ಆ ಎರಡು ಅಂಕಿಗಳನ್ನು ಕಳೆದು "ಇಷ್ಟು ಮತ ಹೆಚ್ಚಾಯಿತು" ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕೋಷ್ಟಕದಲ್ಲಿ 2008ರ ಮೇಲೆ ಒಂದು ದಪ್ಪ ಗೆರೆ ಎಳೆದುಬಿಡಿ.

ಪುಟ ಕ್ಷೇತ್ರದ ಹೆಸರಿನಲ್ಲಿ ಬೇಡ, ವ್ಯಕ್ತಿಯ ಹೆಸರಿನಲ್ಲಿ ಇರಲಿ. ಹರತಾಳು ಹಾಲಪ್ಪನವರು 2004ರಲ್ಲಿ ಹೊಸನಗರದಿಂದ, 2008ರಲ್ಲಿ ಸೊರಬದಿಂದ, 2018ರಲ್ಲಿ ಸಾಗರದಿಂದ ಗೆದ್ದು, 2023ರಲ್ಲಿ ಸಾಗರದಲ್ಲಿ ಸೋತರು. ಕ್ಷೇತ್ರದ ಲೆಕ್ಕ ಹಿಡಿದರೆ ಅವರು ಮೂರು ಕಡೆ ತುಂಡುತುಂಡಾಗಿ ಸಿಗುತ್ತಾರೆ. ಪಕ್ಷವನ್ನೂ ಪ್ರತಿ ಚುನಾವಣೆಯ ಎದುರಿಗೇ ಬರೆಯಿರಿ: ಮಧು ಬಂಗಾರಪ್ಪನವರು ಸೊರಬದಲ್ಲಿ 2013ರಲ್ಲಿ ಗೆದ್ದದ್ದು ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್‌ನಿಂದ.

ಅಫಿಡವಿಟ್ ಎಂದರೆ ಅಭ್ಯರ್ಥಿ ತನ್ನ ಆಸ್ತಿ, ಆದಾಯ, ಮೊಕದ್ದಮೆಗಳನ್ನು ಪ್ರಮಾಣ ಮಾಡಿ ತಿಳಿಸಿ ನಾಮಪತ್ರದ ಜೊತೆ ಕೊಡುವ ನಮೂನೆ 26. ಅದರಲ್ಲಿ ಬರೆದದ್ದು ನಿಜವೇ ಎಂದು ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಖಾನೆಗಳೆಲ್ಲ ತುಂಬಿವೆಯೇ ಎಂದಷ್ಟೇ ನೋಡುತ್ತಾರೆ. ಏನೂ ಇಲ್ಲದ ಕಡೆ "ಇಲ್ಲ" ಎಂದೇ ಬರೆಯಬೇಕು. ಖಾಲಿ ಬಿಟ್ಟು, ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು; 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆದ್ದರಿಂದ ತಾಳೆ ನೋಡುವ ಕೆಲಸ ನಿಮ್ಮದು, ನಮ್ಮದು.

ಅಫಿಡವಿಟ್‌ನಲ್ಲಿ ತೋಟದ ವಿವರ ಇರುವ ಸಾಲನ್ನೇ ತೆಗೆದುಕೊಳ್ಳಿ. ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಕ್ರಯಕ್ಕೆ ಪಡೆದದ್ದೋ, ಕೊಂಡ ದಿನ, ಕೊಟ್ಟ ಬೆಲೆ, ಈಗಿನ ಮಾರುಕಟ್ಟೆ ಬೆಲೆ, ಎಲ್ಲವೂ ಅಲ್ಲಿರಬೇಕು. ಆ ಸರ್ವೆ ನಂಬರ್ ಹಿಡಿದು ಪಹಣಿ ತೆಗೆದು, 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲದ ಬೋಜ ಇದೆಯೇ ನೋಡಿ. ನಂತರ ಅದೇ ವ್ಯಕ್ತಿಯ 2018 ಮತ್ತು 2023ರ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಡಿ. ವಿಸ್ತೀರ್ಣ ಅಷ್ಟೇ ಇದ್ದು ಬೆಲೆ ಮಾತ್ರ ಏರಿದ್ದರೆ "ಆಸ್ತಿ ಮೂರು ಪಟ್ಟು" ಎಂಬ ತಲೆಬರಹಕ್ಕೆ ಅರ್ಥವಿಲ್ಲ; ಹೊಸ ಸರ್ವೆ ನಂಬರ್ ಸೇರಿದ್ದರೆ ಮಾತ್ರ ಅದು ಗಳಿಕೆ. ಐದು ವರ್ಷಗಳ ಆದಾಯದ ಖಾನೆಯಲ್ಲೂ ಎಡವುವುದು ಸುಲಭ. ಅಲ್ಲಿ ಇರುವುದು ತೆರಿಗೆ ವಿವರಪಟ್ಟಿಯಲ್ಲಿ ತೋರಿಸಿದ ಆದಾಯ. ಕೃಷಿ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. ದೊಡ್ಡ ಅಡಿಕೆ ತೋಟದ ಯಜಮಾನರ ಅಂಕಿ ಶಾಲಾ ಮೇಷ್ಟರ ಅಂಕಿಗಿಂತ ಸಣ್ಣದಾಗಿ ಕಂಡರೆ ಅವರನ್ನು ಬಡವರ ಸಾಲಿಗೆ ಸೇರಿಸಬೇಡಿ.

ಮೊಕದ್ದಮೆಗಳನ್ನು ಎಣಿಸಬೇಡಿ, ಓದಿ. "ಐದು ಕೇಸು" ಎಂದರೆ ಏನೂ ತಿಳಿಯದು. ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 143, 341, 283 ಒಟ್ಟಿಗೆ ಇದ್ದರೆ ಅದು ಬಹುಮಟ್ಟಿಗೆ ರಸ್ತೆ ತಡೆಯ ಪ್ರಕರಣ. ಹೋರಾಟಕ್ಕೆ ಇಳಿದವರ ಮೇಲೆ ಬೀಳುವಂಥದ್ದು. 420 ವಂಚನೆ, 307 ಕೊಲೆ ಯತ್ನ. 2024ರ ಜುಲೈ 1ರಿಂದ ಈಚಿನ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಹೊಸ ಅಂಕಿಗಳು: 341ರ ಜಾಗಕ್ಕೆ 126, 307ರ ಜಾಗಕ್ಕೆ 109. ಮುಂದಿನ ಅಫಿಡವಿಟ್‌ಗಳಲ್ಲಿ ಎರಡೂ ಬೆರೆತಿರುತ್ತವೆ, ಗಮನವಿರಲಿ.

ಕೊಟ್ಟ ಮಾತಿನ ಖಾನೆಯೇ ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಭರವಸೆಯ ಪಕ್ಕ "ಇದು ಯಾರ ಕೈಯಲ್ಲಿದೆ?" ಎಂದು ಬರೆಯಿರಿ. ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಭೂಮಿ) ಸಕ್ರಮ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 50, 53, 57ರ ಅರ್ಜಿಗಳು ಎಷ್ಟು ಇತ್ಯರ್ಥವಾದವು, ಸಭೆ ಎಷ್ಟು ಸಲ ಸೇರಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅದು ಆಗದಿದ್ದರೆ ಶಾಸಕರನ್ನೇ ಕೇಳಬೇಕು. ಆದರೆ ಶರಾವತಿ ಮುಳುಗಡೆ ಸಂತ್ರಸ್ತರಿಗೆ ಅರಣ್ಯ ಭೂಮಿಯ ಹಕ್ಕುಪತ್ರ ಕೊಡಿಸುತ್ತೇನೆ ಎಂಬ ಮಾತು ಬೇರೆ ಜಾತಿಯದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೀಸಲು ಅರಣ್ಯವನ್ನು ಬಿಡುಗಡೆ ಮಾಡಲು ಕೇಂದ್ರದ ಪೂರ್ವಾನುಮತಿ ಬೇಕು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿ ಅರವತ್ತು ವರ್ಷ ಕಳೆದರೂ ಈ ಭರವಸೆ ಚುನಾವಣೆಯಿಂದ ಚುನಾವಣೆಗೆ ದಾಟುತ್ತಲೇ ಇದೆ. ಇದನ್ನು ಹೇಳುವವರು ದೆಹಲಿಯ ಅನುಮತಿ ತರುವ ದಾರಿಯನ್ನೂ ಹೇಳಬೇಕು. ಹೇಳದಿದ್ದರೆ "ದಾರಿ ಹೇಳಿಲ್ಲ" ಎಂದೇ ದಾಖಲಿಸಿ.

ಭರವಸೆಗೂ ಫಲಿತಾಂಶಕ್ಕೂ ಒಂದೇ ಅವಧಿಯಲ್ಲಿ ಲೆಕ್ಕ ಮುಗಿಯುವುದಿಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಾಗರ-ಹೊಸನಗರದಿಂದ ಗೆದ್ದರು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರಲ್ಲಿ ತೀರಿಕೊಂಡರು. ಅವರು ಬಾಳಿಡೀ ಕೇಳಿದ ಗೇಣಿದಾರರ ಭೂಮಿಯ ಹಕ್ಕಿಗೆ ಬಲ ಬಂದದ್ದು 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣಾ ತಿದ್ದುಪಡಿಯಿಂದ. 1957ರಲ್ಲೇ ಅವರ ಪುಟ ಮುಚ್ಚಿದ್ದರೆ ಏನು ಬರೆದಿರುತ್ತಿದ್ದೆವು?

ಮತದ ಲೆಕ್ಕಕ್ಕೆ ಪತ್ರಿಕೆಯ ಅಂಕಿ ಸಾಲದು, ನಮೂನೆ 20, ಅಂದರೆ ಅಂತಿಮ ಫಲಿತಾಂಶದ ಹಾಳೆ, ಬೇಕು. ಅದರಲ್ಲಿ ಮತಗಟ್ಟೆವಾರು ಪ್ರತಿಯೊಬ್ಬರ ಮತ, ನೋಟಾ, ಕೊನೆಗೆ ಅಂಚೆ ಮತಗಳ ಸಾಲು ಇರುತ್ತದೆ. ಆ ಕೊನೆಯ ಸಾಲನ್ನು ಬಿಟ್ಟು ಕೂಡಿದರೆ ಮೊತ್ತ ಸರಿಹೋಗದು. 2023ರಲ್ಲಿ ಶೃಂಗೇರಿಯ ಗೆಲುವಿನ ಅಂತರ ಘೋಷಣೆಯಾದದ್ದು ಬರೀ 201 ಮತ. ಅಂಥ ಕಡೆ ಆ ಒಂದು ಸಾಲಿನ ತೂಕ ಎಷ್ಟೆಂದು ಊಹಿಸಿ. ನಮೂನೆಯಲ್ಲಿ ಮತಗಟ್ಟೆಯ ಸಂಖ್ಯೆ ಮಾತ್ರ ಇರುತ್ತದೆ, ಊರಿನ ಹೆಸರಿರುವುದಿಲ್ಲ. ಆ ವರ್ಷದ ಮತಗಟ್ಟೆ ಪಟ್ಟಿಯನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಐದು ವರ್ಷದಲ್ಲಿ ಸಂಖ್ಯೆ ಬದಲಾಗಿರಬಹುದು, 42 ಇದ್ದದ್ದು 45 ಆಗಿರಬಹುದು. ನಮ್ಮ ಕಡೆ ಒಂದು ಮತಗಟ್ಟೆಗೆ ಕಾಡಿನ ಆಚೀಚೆಯ ನಾಲ್ಕಾರು ಮಜರೆಗಳು ಸೇರಿರುತ್ತವೆ. "ಇಂಥ ಕೇರಿಯವರು ಇಂಥವರಿಗೆ ಹಾಕಿದರು" ಎಂದು ಆ ಅಂಕಿಯಿಂದ ತಿಳಿಯದು, ಬರೆಯಲೂಬಾರದು. ಗುಟ್ಟಿನ ಮತ ಗುಟ್ಟಾಗಿಯೇ ಇರಲಿ.

ಮೊದಲಿಗೆ 2023ರ ಸಾಗರ, ತೀರ್ಥಹಳ್ಳಿ ಎರಡೇ ಹಾಳೆ ಹಿಡಿಯಿರಿ. ನಿಮ್ಮ ತಾಲ್ಲೂಕಿನ ಮತಗಟ್ಟೆಗಳನ್ನು ಎರಡರಿಂದಲೂ ಹೆಕ್ಕಿ ಒಂದೆಡೆ ಜೋಡಿಸಿದರೆ, ಕಳೆದುಹೋಯಿತೆಂದು ನೀವು ಹುಡುಕುತ್ತಿರುವ ಹೊಸನಗರದ ಚಿತ್ರ ಅಲ್ಲಿ ಸಿಗುತ್ತದೆ. ಸಿದ್ಧವಾದ ಮೇಲೆ ನಮಗೊಂದು ಪ್ರತಿ ಕಳಿಸಿ, ಅಂಕಿಗಳನ್ನು ನಾವೂ ಒಮ್ಮೆ ಕೂಡಿ ನೋಡುತ್ತೇವೆ.

— ಸಂಪಾದಕ